ಅಪಹರಣದ ಸಿನಿಮಾ: ಕ್ಯಾಮೆರಾ ಯಾರ ಪಕ್ಕ ನಿಂತಿದೆ?

2020ರ ಜುಲೈನಲ್ಲಿ ವೇಲ್ಸ್‌ನ ಗಾಯಕಿ ಡಫಿ, ನೆಟ್‌ಫ್ಲಿಕ್ಸ್ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಅವರಿಗೆ ಒಂದು ಬಹಿರಂಗ ಪತ್ರ ಬರೆದರು. ‘365 ಡೇಸ್’ ಎಂಬ ಪೋಲೆಂಡಿನ ಸಿನಿಮಾದ ಬಗ್ಗೆ ಆ ಪತ್ರ. ಅದರ ಕಥೆ ಇಷ್ಟೇ: ಮಾಫಿಯಾದ ಯುವಕನೊಬ್ಬ ಹೆಣ್ಣೊಬ್ಬಳನ್ನು ಹೊತ್ತೊಯ್ದು ತನ್ನ ಬಂಗಲೆಯಲ್ಲಿ ಇಟ್ಟುಕೊಳ್ಳುತ್ತಾನೆ. ತನ್ನನ್ನು ಪ್ರೀತಿಸಲು ಅವಳಿಗೆ ಒಂದು ವರ್ಷದ ಗಡುವು ಕೊಡುತ್ತಾನೆ. ಗಡುವು ಮುಗಿಯುವ ಎಷ್ಟೋ ಮೊದಲೇ ಅವಳು ಅವನನ್ನು ಪ್ರೀತಿಸುತ್ತಾಳೆ. ಆ ವರ್ಷ ಹಲವು ದೇಶಗಳಲ್ಲಿ ತುಂಬಾ ಜನ ನೋಡಿದ ಸಿನಿಮಾ ಅದು.

ಡಫಿ ಹೇಳಿದ್ದನ್ನು ಯಾರೋ ಪ್ರೇಕ್ಷಕಿಯ ಬೇಸರ ಎಂದು ತಳ್ಳಿಹಾಕುವಂತಿರಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಅವರು, ತಮ್ಮನ್ನು ಅಪಹರಿಸಿ ಅತ್ಯಾಚಾರ ಮಾಡಲಾಗಿತ್ತು ಎಂದು ಮೊದಲ ಬಾರಿ ಹೇಳಿಕೊಂಡಿದ್ದರು. ವರ್ಷಗಟ್ಟಲೆ ಹಾಡಿನ ಲೋಕದಿಂದ ಮರೆಯಾಗಿದ್ದಕ್ಕೆ ಕಾರಣ ಅದು. ಇಂಥ ಕ್ರೌರ್ಯಕ್ಕೆ ಈ ಸಿನಿಮಾ ಥಳಕು ಹಚ್ಚುತ್ತಿದೆ ಎಂಬುದು ಅವರ ದೂರು. ಸಿನಿಮಾ ಇದ್ದಲ್ಲೇ ಇತ್ತು. 2022ರಲ್ಲಿ ಅದರ ಇನ್ನೆರಡು ಭಾಗಗಳೂ ಬಂದವು.

ಇಂಥವನ್ನು ಬ್ಯಾನ್ ಮಾಡಬೇಕಾ ಬೇಡವಾ ಎಂಬ ಜಗಳ ಆಗಾಗ ಏಳುತ್ತದೆ. ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆ. ಅಪಹರಣದ ಕಥೆಯಲ್ಲಿ ಮೂವರು ಇದ್ದೇ ಇರುತ್ತಾರೆ. ಹೊತ್ತೊಯ್ಯುವವನು, ಹುಡುಕಿಕೊಂಡು ಬರುವವನು, ಒಳಗೆ ಸಿಕ್ಕಿಬಿದ್ದವರು. ಈ ಮೂವರಲ್ಲಿ ಕ್ಯಾಮೆರಾ ಯಾರ ಪಕ್ಕ ನಿಲ್ಲುತ್ತದೆ? ಸಿನಿಮಾ ಹುಟ್ಟಿದಂದಿನಿಂದ ಅದು ಹೆಚ್ಚಾಗಿ ನಿಂತಿರುವುದು ಮೊದಲಿನ ಇಬ್ಬರ ಪಕ್ಕ. ಅದರ ಬೆಲೆ ತೆತ್ತವರು ನಿಜ ಜೀವನದಲ್ಲಿ ಸೆರೆಯಿಂದ ಬಿಡಿಸಿಕೊಂಡು ಬಂದವರು.

ಮಕ್ಕಳ ಕಳ್ಳ ಹೇಗಿರುತ್ತಾನೆ?

ಸಿನಿಮಾ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಅಪಹರಣದ ಕಥೆ ಅದಕ್ಕೆ ಸಿಕ್ಕಿತ್ತು. 1905ರಲ್ಲಿ ಇಂಗ್ಲೆಂಡಿನಲ್ಲಿ ಸೆಸಿಲ್ ಹೆಪ್‌ವರ್ತ್ ‘ರೆಸ್ಕ್ಯೂಡ್ ಬೈ ರೋವರ್’ ಎಂಬ ಪುಟ್ಟ ಚಿತ್ರ ತಯಾರಿಸಿದರು. ಕಳುವಾದ ಕೂಸನ್ನು ಮನೆಯ ನಾಯಿ ಪತ್ತೆ ಹಚ್ಚುವ ಕಥೆ. ಜನ ಅದನ್ನು ಎಷ್ಟು ಮೆಚ್ಚಿದರೆಂದರೆ, ಪ್ರತಿ ತೆಗೆದು ತೆಗೆದು ನೆಗೆಟಿವ್ ಸವೆದುಹೋಯಿತು. ಇಡೀ ಚಿತ್ರವನ್ನು ಮತ್ತೆ ಎರಡು ಸಲ ಶೂಟ್ ಮಾಡಬೇಕಾಯಿತು. 1908ರಲ್ಲಿ ಅಮೆರಿಕದಲ್ಲಿ ಡಿ. ಡಬ್ಲ್ಯೂ. ಗ್ರಿಫಿತ್ ನಿರ್ದೇಶಿಸಿದ ಮೊದಲ ಸಿನಿಮಾ ‘ದ ಅಡ್ವೆಂಚರ್ಸ್ ಆಫ್ ಡಾಲಿ’. ಅದರಲ್ಲೂ ಮಗು ಕಳುವಾಗುತ್ತದೆ, ಪೀಪಾಯಿಯೊಳಗೆ ಅಡಗಿಸಿಟ್ಟ ಮಗು ನದಿಯಲ್ಲಿ ತೇಲಿ ಹೋಗುತ್ತದೆ.

ಮೊದಲ ಚಿತ್ರದಲ್ಲಿ ಮಗು ಕದಿಯುವವಳು ಭಿಕ್ಷುಕಿ. ಎರಡನೆಯದರಲ್ಲಿ ಕದಿಯುವವನು ಊರೂರು ಅಲೆಯುವ ಜಿಪ್ಸಿ. ಮನೆ ಇಲ್ಲದವರು, ಅಲೆಮಾರಿಗಳು, ಪರವೂರಿನವರು ಮಕ್ಕಳ ಕಳ್ಳರು ಎಂಬ ಹಳೆಯ ಅನುಮಾನ ಇತ್ತಲ್ವಾ? ಸಿನಿಮಾ ಅದಕ್ಕೊಂದು ಮುಖ ಕೊಟ್ಟಿತು. ಮುಂದೆ ಮುಖಗಳು ಬದಲಾದವು, ಅಚ್ಚು ಬದಲಾಗಲಿಲ್ಲ. 2008ರ ‘ಟೇಕನ್’ ಸಿನಿಮಾದಲ್ಲಿ ಪ್ಯಾರಿಸ್‌ಗೆ ಹೋದ ಅಮೆರಿಕದ ಹುಡುಗಿಯನ್ನು ಹೊತ್ತೊಯ್ಯುವುದು ಅಲ್ಬೇನಿಯಾದ ಗ್ಯಾಂಗು. ಲಿಯಾಮ್ ನೀಸನ್ ಪಾತ್ರದ ಅಪ್ಪ ಒಬ್ಬೊಬ್ಬರನ್ನೇ ಹುಡುಕಿ ಹೊಡೆದು ಮಗಳನ್ನು ಕರೆತರುತ್ತಾನೆ.

ವಾಸ್ತವ ಹೀಗಿಲ್ಲ. ಅಮೆರಿಕದ ನ್ಯಾಯ ಇಲಾಖೆಗಾಗಿ ನಡೆದ ಒಂದು ದೊಡ್ಡ ಅಧ್ಯಯನದ ಅಂದಾಜು ನೋಡಿ. ಅಪರಿಚಿತರು ಅಥವಾ ಅಷ್ಟಾಗಿ ಗುರುತಿಲ್ಲದವರು ಮಗುವನ್ನು ದೂರ ಹೊತ್ತೊಯ್ಯುವ, ರಾತ್ರಿಯಿಡೀ ಕೂಡಿಹಾಕುವ, ದುಡ್ಡಿಗೆ ಬೇಡಿಕೆ ಇಡುವ ಅಥವಾ ಕೊಲ್ಲುವಂಥ ‘ಸಿನಿಮಾ ಮಾದರಿ’ಯ ಅಪಹರಣಗಳು 1999ರಲ್ಲಿ ಆ ದೇಶದಲ್ಲಿ ಸುಮಾರು 115. ಅದೇ ವರ್ಷ ಮನೆಯವರೇ ಮಕ್ಕಳನ್ನು ಎತ್ತಿಕೊಂಡು ಹೋದ ಪ್ರಕರಣಗಳು 2 ಲಕ್ಷಕ್ಕೂ ಜಾಸ್ತಿ. ಇವುಗಳಲ್ಲಿ ಹೆಚ್ಚಿನವು ಮಗು ಯಾರ ಬಳಿ ಇರಬೇಕು ಎಂಬ ಅಪ್ಪ-ಅಮ್ಮನ ಜಗಳದಿಂದ ಹುಟ್ಟಿದವು. ಆ 115 ಮಕ್ಕಳ ನೋವು ಸಣ್ಣದು ಎಂದು ನಾನು ಹೇಳುತ್ತಿಲ್ಲ. ನಮ್ಮ ಭಯವೆಲ್ಲ ಒಂದು ಕಡೆ, ಅಪಾಯ ಇನ್ನೊಂದು ಕಡೆ ಇದೆ ಎಂಬುದನ್ನು ಮಾತ್ರ ತೋರಿಸುತ್ತಿದ್ದೇನೆ.

ಹಾಗೆ ದಾರಿ ತಪ್ಪಿದ ಭಯ ಏನು ಮಾಡಬಲ್ಲದು ಎಂಬುದನ್ನು ಭಾರತ 2018ರಲ್ಲಿ ಕಂಡಿತು. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಒಂದು ಪುಟ್ಟ ವಿಡಿಯೊ ಮಾಡಿದ್ದರು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮರುಕ್ಷಣವೇ ವಾಪಸ್ ಬಂದು ಮಗುವನ್ನು ಇಳಿಸಿ, ಮಗು ಕಳುವಾಗಲು ಒಂದು ಕ್ಷಣ ಸಾಕು ಎಂಬ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿದರು. ಉಳಿದ ತುಂಡು ನಿಜವಾದ ಅಪಹರಣ ಎಂಬ ಹೆಸರಿನಲ್ಲಿ ವಾಟ್ಸಾಪ್‌ನಲ್ಲಿ ಹರಿದಾಡಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿಗೆ ದೇಶದ ಹಲವೆಡೆ ಅಮಾಯಕರು ಗುಂಪಿನ ಕೈಯಲ್ಲಿ ಸತ್ತರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರನ್ನು ಹೊಡೆದು ಕೊಂದರು. ಅವರು ಭಿಕ್ಷೆ ಬೇಡುತ್ತ ಅಲೆಯುವ ಸಮುದಾಯದವರು. ಅದೇ ತಿಂಗಳು ವಾಟ್ಸಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕಿತು.

1905ರ ಆ ಚಿತ್ರದ ಭಿಕ್ಷುಕಿ, ರೈನ್‌ಪಾಡಾದ ಆ ಐವರು. ಇವರ ನಡುವೆ ನೇರ ಸಂಬಂಧ ಇದೆ ಎಂದು ವಾದಿಸುವುದು ಅತಿಯಾದೀತು. ಆದರೆ ‘ಮಕ್ಕಳ ಕಳ್ಳ’ ಎಂದ ಕೂಡಲೇ ನಮ್ಮ ಕಣ್ಣೆದುರು ಬರುವ ಚಿತ್ರ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲೇಬೇಕು.

ಬಿಡಿಸಿ ತಂದವನ ಅನುಮಾನ

ನಮ್ಮಲ್ಲಿ ಈ ಕಥೆಯನ್ನು ಗೊತ್ತಿಲ್ಲದವರೇ ಇಲ್ಲ. ರಾಮಾಯಣದ ನಡುವೆ ಇರುವುದೇ ಒಂದು ಅಪಹರಣ. ಹನುಮಂತ ಕಡಲು ಹಾರಿದ್ದು, ಸೇತುವೆ ಕಟ್ಟಿದ್ದು, ಯುದ್ಧ ನಡೆದದ್ದು ನಮಗೆ ಬಾಯಿಪಾಠ. ಅಶೋಕವನದಲ್ಲಿ ಸೀತೆ ಒಂದೊಂದು ದಿನವನ್ನು ಹೇಗೆ ಕಳೆದಳು ಎಂಬುದನ್ನು ಅಷ್ಟು ವಿವರವಾಗಿ ಹೇಳಬಲ್ಲವರು ಕಡಿಮೆ. ರಾವಣ ಎದುರು ಬಂದು ನಿಂತಾಗ ಅವಳು ನಡುವೆ ಒಂದು ಹುಲ್ಲುಕಡ್ಡಿ ಇಟ್ಟು ಮಾತಾಡುತ್ತಾಳೆ. ಕೈಯಲ್ಲಿ ಏನೂ ಇಲ್ಲದವಳು ತನ್ನ ಸುತ್ತ ಗೆರೆ ಎಳೆದುಕೊಳ್ಳುವ ಬಗೆ ಅದು. ಸೆರೆಯಲ್ಲಿ ಬದುಕುವವರ ಜಾಣ್ಮೆಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಆಮೇಲೆ ಏನಾಯಿತು? ಯುದ್ಧ ಗೆದ್ದ ಮೇಲೆ ಪರೀಕ್ಷೆ ಎದುರಿಸಬೇಕಾಗಿದ್ದು ಸೆರೆಯಲ್ಲಿದ್ದವಳೇ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಇದನ್ನು ಹಾಗೇ ಬಿಡಲಿಲ್ಲ. ಅವರ ರಾಮ ಸೀತೆಯ ಜತೆ ತಾನೂ ಬೆಂಕಿಗೆ ಇಳಿಯುತ್ತಾನೆ. ಪರೀಕ್ಷೆ ಅವಳೊಬ್ಬಳದಲ್ಲ, ಬಿಡಿಸಿ ತಂದವನದ್ದೂ ಹೌದು ಎಂದು ಕನ್ನಡದ ಕವಿ ಬರೆದದ್ದು ಸಣ್ಣ ಮಾತಲ್ಲ.

ಹಾಲಿವುಡ್‌ನಲ್ಲಿ ಈ ಅನುಮಾನದ ಬಗ್ಗೆಯೇ ಬಂದ ದೊಡ್ಡ ಸಿನಿಮಾ ಜಾನ್ ಫೋರ್ಡ್ ಅವರ ‘ದ ಸರ್ಚರ್ಸ್’, 1956ರದ್ದು. ಕಮಾಂಚಿ ಮೂಲನಿವಾಸಿಗಳು ಹೊತ್ತೊಯ್ದ ಹುಡುಗಿಯನ್ನು ಅವಳ ಚಿಕ್ಕಪ್ಪ ವರ್ಷಗಟ್ಟಲೆ ಹುಡುಕುತ್ತಾನೆ. ಹುಡುಕುತ್ತ ಹುಡುಕುತ್ತ ನಮಗೆ ಗೊತ್ತಾಗುತ್ತದೆ, ಅವನು ಅವಳನ್ನು ಕರೆತರಲು ಹೊರಟಿಲ್ಲ, ಕೊಲ್ಲಲು ಹೊರಟಿದ್ದಾನೆ. ಅವರ ನಡುವೆ ಬೆಳೆದವಳು ಅವನ ಕಣ್ಣಿಗೆ ಕೆಟ್ಟುಹೋದವಳು. ಕೊನೆಯಲ್ಲಿ ಮನಸ್ಸು ಬದಲಾಗುತ್ತದೆ. ಆದರೆ ಆ ಹುಡುಗಿಗೆ ಆ ವರ್ಷಗಳಲ್ಲಿ ಏನನ್ನಿಸಿತು ಎಂಬುದು ಆ ಸಿನಿಮಾಕ್ಕೂ ಬೇಕಾಗಲಿಲ್ಲ. ಈ ಕಥೆಗೆ ಪ್ರೇರಣೆ ಎನ್ನಲಾಗುವ ಸಿಂಥಿಯಾ ಆ್ಯನ್ ಪಾರ್ಕರ್ ಅವರನ್ನು 1836ರಲ್ಲಿ ಮಗುವಾಗಿದ್ದಾಗ ಹೊತ್ತೊಯ್ದಿದ್ದರು. 1860ರಲ್ಲಿ ‘ಬಿಡಿಸಿ’ ತಂದ ಮೇಲೆ ಆಕೆ ಮತ್ತೆ ಕಮಾಂಚಿಗಳ ಬಳಿಗೇ ಓಡಲು ನೋಡಿದರು. ಅಲ್ಲಿ ಅವರಿಗೆ ಗಂಡ, ಮಕ್ಕಳು ಇದ್ದರು. ಈ ಭಾಗ ಯಾವ ಗೆಲುವಿನ ಕಥೆಗೂ ಹೊಂದುವುದಿಲ್ಲ.

ರಕ್ಷಕನ ಸಿನಿಮಾಗಳಲ್ಲಿ ನಾನು ಗೌರವದಿಂದ ನೋಡುವುದು ದೆನಿ ವಿಲ್‌ನೂವ್ ಅವರ ‘ಪ್ರಿಸನರ್ಸ್’ (2013). ಮಗಳು ಕಾಣೆಯಾದ ಅಪ್ಪ, ಅನುಮಾನ ಬಂದ ಯುವಕನನ್ನು ತಾನೇ ಹಿಡಿದು ಕೂಡಿಹಾಕಿ ಹಿಂಸಿಸುತ್ತಾನೆ. ಮಗಳನ್ನು ಉಳಿಸಲು ಹೊರಟವನು ತಾನೇ ಅಪಹರಣಕಾರನಾಗುವುದನ್ನು ಆ ಸಿನಿಮಾ ಅಂಜದೆ ತೋರಿಸುತ್ತದೆ. ಅನುರಾಗ್ ಕಶ್ಯಪ್ ಅವರ ‘ಅಗ್ಲಿ’ ಇನ್ನೂ ಕಠಿಣ. ಪುಟ್ಟ ಹುಡುಗಿ ಕಾಣೆಯಾಗುತ್ತಾಳೆ. ಹುಡುಕಬೇಕಾದ ದೊಡ್ಡವರೆಲ್ಲ ತಮ್ಮ ಹಳೆಯ ದ್ವೇಷ, ದುಡ್ಡಿನಾಸೆಗಳಲ್ಲಿ ಮುಳುಗಿ ಅವಳನ್ನೇ ಮರೆಯುತ್ತಾರೆ.

ಸ್ಟಾಕ್‌ಹೋಮ್‌ನಲ್ಲಿ ನಿಜಕ್ಕೂ ಏನಾಯಿತು?

ಹೊತ್ತೊಯ್ದವನನ್ನು ಪ್ರೀತಿಸುವ ಕಥೆಗಳನ್ನು ಟೀಕಿಸಿದ ಕೂಡಲೇ ಒಂದು ಉತ್ತರ ಸಿದ್ಧವಾಗಿರುತ್ತದೆ: ‘ಅದು ಸ್ಟಾಕ್‌ಹೋಮ್ ಸಿಂಡ್ರೋಮ್, ಹಾಗೆ ನಿಜವಾಗಿಯೂ ಆಗುತ್ತದೆ’. ಆದ್ದರಿಂದ ಈ ಹೆಸರು ಎಲ್ಲಿಂದ ಬಂತು ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು.

1973ರ ಆಗಸ್ಟ್ 23. ಸ್ವೀಡನ್ ರಾಜಧಾನಿ ಸ್ಟಾಕ್‌ಹೋಮ್‌ನ ನಾರ್ಮಾಲ್ಮ್‌ಸ್ಟೋರಿ ಚೌಕದ ಬ್ಯಾಂಕಿಗೆ ಯಾನ್-ಎರಿಕ್ ಓಲ್ಸನ್ ಎಂಬಾತ ಬಂದೂಕು ಹಿಡಿದು ನುಗ್ಗಿದ. ಬ್ಯಾಂಕಿನ ನಾಲ್ವರು ಸಿಬ್ಬಂದಿ ಒತ್ತೆಯಾಳುಗಳಾದರು. ಜೈಲಿನಲ್ಲಿದ್ದ ಕ್ಲಾರ್ಕ್ ಓಲೊಫ್ಸನ್‌ನನ್ನು ಕರೆಸಿ ಎಂದು ಅವನ ಬೇಡಿಕೆ. ಸರ್ಕಾರ ಕರೆಸಿತು. ಆರು ದಿನ ಎಲ್ಲರೂ ಬ್ಯಾಂಕಿನ ಭದ್ರಕೋಣೆಯಲ್ಲಿ ಕಳೆದರು. ಪೊಲೀಸರು ಒಂದು ಹಂತದಲ್ಲಿ ಒತ್ತೆಯಾಳುಗಳು ಒಳಗಿದ್ದಂತೆಯೇ ಆ ಕೋಣೆಯ ಬಾಗಿಲು ಮುಚ್ಚಿದರು. ಚಾವಣಿಗೆ ತೂತು ಕೊರೆದರು. ಕೊನೆಗೆ ಅಶ್ರುವಾಯು ಬಿಟ್ಟರು.

ಒತ್ತೆಯಾಳುಗಳಲ್ಲಿ ಒಬ್ಬರಾದ 23 ವರ್ಷದ ಕ್ರಿಸ್ಟಿನ್ ಎನ್‌ಮಾರ್ಕ್ ಒಳಗಿನಿಂದಲೇ ಪ್ರಧಾನಿ ಓಲೊಫ್ ಪಾಲ್ಮೆ ಅವರಿಗೆ ಫೋನ್ ಮಾಡಿದರು. ತಮ್ಮನ್ನು ದರೋಡೆಕೋರರ ಜತೆ ಹೊರಹೋಗಲು ಬಿಡಿ ಎಂದು ಕೇಳಿಕೊಂಡರು. ದರೋಡೆಕೋರರಿಗಿಂತ ಪೊಲೀಸರ ದಾಳಿಯೇ ತಮ್ಮ ಪ್ರಾಣ ತೆಗೆದೀತು ಎಂಬ ಹೆದರಿಕೆ ಅವರದ್ದು. ಪ್ರಧಾನಿ ಒಪ್ಪಲಿಲ್ಲ. ಈ ಹೆದರಿಕೆಯಲ್ಲಿ ಹುಚ್ಚುತನ ಏನಿದೆ? ಬಾಗಿಲು ಮುಚ್ಚಿ, ಮೇಲಿನಿಂದ ಕೊರೆಯುತ್ತಿದ್ದರೆ ಒಳಗಿರುವ ಯಾರಿಗಾದರೂ ಹಾಗೇ ಅನ್ನಿಸುತ್ತದೆ ಅಲ್ವಾ? ಆದರೆ ಪೊಲೀಸರಿಗೆ ಸಲಹೆ ಕೊಡುತ್ತಿದ್ದ ಮನೋವೈದ್ಯ ನಿಲ್ಸ್ ಬೆಯೆರೊಟ್ ಅದನ್ನು ಒಂದು ಮಾನಸಿಕ ಸ್ಥಿತಿ ಎಂದು ಕರೆದರು. ಎನ್‌ಮಾರ್ಕ್ ಜತೆ ಮಾತಾಡದೆಯೇ ಹಾಗೆ ಕರೆದರು. ಪೊಲೀಸರ ನಡೆಯನ್ನು ಟೀಕಿಸಿದ ಹೆಣ್ಣಿನ ಮಾತಿಗೆ ಕಾಯಿಲೆಯ ಹೆಸರು ಅಂಟಿತು. ಮನೋವೈದ್ಯರು ಬಳಸುವ ಅಮೆರಿಕದ ಡಿಎಸ್‌ಎಂ ಕೈಪಿಡಿಯಲ್ಲಿ ಈ ಹೆಸರಿನ ಕಾಯಿಲೆ ಯಾವತ್ತೂ ಸೇರಿಲ್ಲ. ಸಿನಿಮಾದಲ್ಲಿ ಮಾತ್ರ ಅದು ಶಾಶ್ವತವಾಗಿ ಉಳಿದುಕೊಂಡಿದೆ. 2018ರಲ್ಲಿ ಈಥನ್ ಹಾಕ್ ನಟಿಸಿದ ‘ಸ್ಟಾಕ್‌ಹೋಮ್’ ಬಂತು. ಅದರಲ್ಲಿ ಒತ್ತೆಯಾಳು ಹೆಣ್ಣು ದರೋಡೆಕೋರನಿಗೆ ಮನಸೋಲುತ್ತಾಳೆ. 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಕ್ಲಾರ್ಕ್’ ಎಂಬ ಸರಣಿಯೇ ಬಂತು. ಹೆಸರಲ್ಲೇ ಗೊತ್ತಾಗುತ್ತದೆ, ಅದರ ನಾಯಕ ಯಾರು ಎಂದು.

ಒಳಗಿದ್ದವರನ್ನು ಬಿಟ್ಟು ಇಟ್ಟುಕೊಂಡವನ ಸುತ್ತ ಕಥೆ ಕಟ್ಟುವ ಚಾಳಿ ಎಲ್ಲ ಕಡೆಯೂ ಇದೆ. ಡಾ. ರಾಜ್‌ಕುಮಾರ್ ಅವರು 2000ದಲ್ಲಿ 108 ದಿನ ಕಾಡಿನಲ್ಲಿ ಒತ್ತೆಯಾಳಾಗಿದ್ದರು. 2013ರಲ್ಲಿ ಬಂದ ‘ಅಟ್ಟಹಾಸ’ ವೀರಪ್ಪನ್ ಕಥೆ. ಅದರಲ್ಲಿ ಆ 108 ದಿನಗಳು ಅವನ ಬದುಕಿನ ಒಂದು ಅಧ್ಯಾಯವಾಗಿ ಬರುತ್ತವೆ. ಅಪರಾಧಿಯ ಬದುಕಿನಲ್ಲಿ ಓಟ, ಬೇಟೆ, ಬಂದೂಕು ಎಲ್ಲ ಇರುತ್ತದೆ. ಸೆರೆಯಲ್ಲಿರುವವರ ಬದುಕಿನಲ್ಲಿ ಇರುವುದು ಕಾಯುವುದು ಮಾತ್ರ. ಅದನ್ನು ಸಿನಿಮಾ ಮಾಡುವುದು ಕಷ್ಟ. ಕಷ್ಟ ಅನ್ನುವುದು ಬಿಟ್ಟುಬಿಡಲು ಕಾರಣ ಆಗಬಾರದಿತ್ತು.

ಪ್ರೀತಿಯ ಕಥೆಗಳಿಗೆ ಬಂದರೆ, ಪೆಡ್ರೊ ಅಲ್ಮೊಡೊವರ್ 1990ರಲ್ಲಿ ಮಾಡಿದ ‘ಟೈ ಮಿ ಅಪ್! ಟೈ ಮಿ ಡೌನ್!’ನಿಂದ ‘365 ಡೇಸ್’ವರೆಗೆ ದಾರಿ ನೇರವಾಗಿದೆ. ಇಮ್ತಿಯಾಜ್ ಅಲಿ ಅವರ ‘ಹೈವೇ’ (2014) ಮಾತ್ರ ನನ್ನನ್ನು ಗೊಂದಲಕ್ಕೆ ಕೆಡವುತ್ತದೆ. ಮದುವೆಗೆ ಮುಂಚೆ ಅಪಹರಣವಾಗುವ ಶ್ರೀಮಂತರ ಹುಡುಗಿ, ಲಾರಿಯಲ್ಲಿ ಹೋಗುತ್ತ ಹೋಗುತ್ತ ಮೊದಲ ಬಾರಿ ಉಸಿರಾಡುತ್ತಾಳೆ. ಚಿಕ್ಕಂದಿನಲ್ಲಿ ಮನೆಗೆ ಬರುತ್ತಿದ್ದವನೇ ಅವಳ ಮೇಲೆ ದೌರ್ಜನ್ಯ ಮಾಡಿದ್ದ, ಮನೆಯವರು ಬಾಯಿ ಮುಚ್ಚಿಸಿದ್ದರು. ಮನೆಯೇ ಸೆರೆ ಎಂಬ ಆ ಮಾತು ನಿಜ. ಕೊನೆಯಲ್ಲಿ ಅವಳು ಎಲ್ಲರೆದುರು ಅದನ್ನು ಕೂಗಿ ಹೇಳುವ ದೃಶ್ಯದಲ್ಲಿ ಆಲಿಯಾ ಭಟ್ ಅವರನ್ನು ಮರೆಯಲು ಆಗುವುದಿಲ್ಲ. ಆದರೆ ಆ ನಿಜ ಹೇಳಲು ಅಪಹರಣಕಾರನನ್ನು ಇಷ್ಟು ಮೃದು ಮಾಡಬೇಕಿತ್ತೇ? ಮೊದಲ ದಿನಗಳ ಹೊಡೆತ, ಬೆದರಿಕೆ, ಮಾರಿಬಿಡುತ್ತೇನೆ ಎಂಬ ಮಾತುಗಳನ್ನು ಸಿನಿಮಾ ಬಹಳ ಬೇಗ ಮರೆಯುತ್ತದೆ.

‘ಯಾಕೆ ಓಡಿಹೋಗಲಿಲ್ಲ?’

ಇಂಥ ಸಿನಿಮಾಗಳು ನಮಗೆ ಕಲಿಸಿದ ಕೆಟ್ಟ ಪ್ರಶ್ನೆ ಇದು. ಪರದೆಯ ಮೇಲೆ ಬಾಗಿಲು ತೆರೆದಿದ್ದರೆ ನಾಯಕಿ ಓಡುತ್ತಾಳೆ. ಓಡದಿದ್ದರೆ ಅವಳಿಗೂ ಇಷ್ಟ ಇತ್ತು ಎಂದು ಲೆಕ್ಕ.

ಆಸ್ಟ್ರಿಯಾದ ನತಾಶಾ ಕಂಪುಷ್ ಅವರನ್ನು 1998ರ ಮಾರ್ಚ್ 2ರಂದು, 10 ವರ್ಷದವರಿದ್ದಾಗ, ಶಾಲೆಗೆ ಹೋಗುವ ದಾರಿಯಲ್ಲಿ ಅಪಹರಿಸಲಾಯಿತು. ಗ್ಯಾರೇಜಿನ ಕೆಳಗೆ, ಕಿಟಕಿ ಇಲ್ಲದ ನೆಲಮಾಳಿಗೆಯಲ್ಲಿ ಬೆಳೆದರು. ಕಾರು ಸ್ವಚ್ಛ ಮಾಡುತ್ತಿದ್ದಾಗ ಅಪಹರಣಕಾರನಿಗೆ ಫೋನ್ ಬಂತು. ವ್ಯಾಕ್ಯೂಮ್ ಕ್ಲೀನರ್ ಸದ್ದಿಗೆ ಮಾತು ಕೇಳಿಸದೆ ಅವನು ದೂರ ಸರಿದ. ಆ ಗಳಿಗೆಯಲ್ಲಿ ಅವರು ಓಡಿದರು. ಅದು 2006ರ ಆಗಸ್ಟ್ 23. ಒಟ್ಟು 3,096 ದಿನ. ನಡುವೆ ಕೆಲವು ಸಲ ಅವನು ಅವರನ್ನು ಹೊರಗೂ ಕರೆದೊಯ್ದಿದ್ದ. ಹಾಗಾಗಿ ಜನ ಕೇಳಿದರು: ಆಗಲೇ ಯಾಕೆ ಓಡಲಿಲ್ಲ? ಅವನು ಸತ್ತ ಸುದ್ದಿ ಕೇಳಿ ಅತ್ತಿದ್ದಕ್ಕೂ ಜನ ಸಿಟ್ಟಾದರು. ಸ್ಟಾಕ್‌ಹೋಮ್ ಸಿಂಡ್ರೋಮ್ ಎಂಬ ಹಣೆಪಟ್ಟಿಯನ್ನು ಅವರು ಬಲವಾಗಿ ತಳ್ಳಿಹಾಕಿದ್ದಾರೆ. ಎಂಟು ವರ್ಷ ಕಣ್ಣಿಗೆ ಬೀಳುವ ಏಕೈಕ ಮನುಷ್ಯ ಅವನೇ ಆಗಿದ್ದಾಗ, ಅವನ ಜತೆ ಹೇಗೋ ಒಂದು ಮಾತುಕತೆ ಇಟ್ಟುಕೊಳ್ಳುವುದು ಬದುಕುವ ದಾರಿ. ಅದನ್ನು ಕಾಯಿಲೆ ಅನ್ನುವುದು ಅವರ ಬುದ್ಧಿಯನ್ನು ಅವರಿಂದ ಕಿತ್ತುಕೊಂಡಂತೆ.

ಪ್ಯಾಟಿ ಹರ್ಸ್ಟ್ ವಿಷಯದಲ್ಲಿ ಈ ಪ್ರಶ್ನೆ ಜೈಲಿಗೇ ಕಳಿಸಿತು. ಪತ್ರಿಕಾ ದೊರೆ ಮನೆತನದ 19 ವರ್ಷದ ಹುಡುಗಿಯನ್ನು 1974ರ ಫೆಬ್ರವರಿ 4ರಂದು ಕ್ಯಾಲಿಫೋರ್ನಿಯಾದಲ್ಲಿ ಒಂದು ಸಶಸ್ತ್ರ ಗುಂಪು ಅಪಹರಿಸಿತು. ವಾರಗಟ್ಟಲೆ ಕಣ್ಣಿಗೆ ಬಟ್ಟೆ ಕಟ್ಟಿ ಬಟ್ಟೆ ಇಡುವ ಕಿರುಕೋಣೆಯಲ್ಲಿ ಇಟ್ಟರು. ಏಪ್ರಿಲ್‌ನಲ್ಲಿ ಅದೇ ಗುಂಪಿನ ಜತೆ ಬಂದೂಕು ಹಿಡಿದು ಬ್ಯಾಂಕ್ ದರೋಡೆಯಲ್ಲಿ ಕಾಣಿಸಿಕೊಂಡರು. 1976ರಲ್ಲಿ ಜೂರಿ ಅವರನ್ನು ತಪ್ಪಿತಸ್ಥೆ ಎಂದಿತು. 1979ರಲ್ಲಿ ಅಧ್ಯಕ್ಷ ಕಾರ್ಟರ್ ಶಿಕ್ಷೆ ಕಡಿತ ಮಾಡಿದರು. 2001ರಲ್ಲಿ ಅಧ್ಯಕ್ಷ ಕ್ಲಿಂಟನ್ ಪೂರ್ತಿ ಕ್ಷಮೆ ಕೊಟ್ಟರು. ಪಾಲ್ ಶ್ರೇಡರ್ 1988ರಲ್ಲಿ ಈ ಕಥೆಯನ್ನು ಸಿನಿಮಾ ಮಾಡಿದಾಗ ಒಂದು ದಿಟ್ಟ ಕೆಲಸ ಮಾಡಿದರು. ಆರಂಭದ ಬಹುಭಾಗವನ್ನು ಆ ಕತ್ತಲ ಕಿರುಕೋಣೆಯೊಳಗಿಂದ ತೋರಿಸಿದರು. ಬಾಗಿಲು ತೆರೆದಾಗ ಕಣ್ಣು ಕುಕ್ಕುವ ಬೆಳಕು, ಅದರಲ್ಲಿ ಕಪ್ಪು ಆಕಾರಗಳು, ಬೈಗುಳ, ಮತ್ತೆ ಕತ್ತಲು. ನೋಡುವವರಿಗೂ ಹಗಲು-ರಾತ್ರಿ ಗೊತ್ತಾಗುವುದಿಲ್ಲ. ಇಷ್ಟನ್ನು ಅನುಭವಿಸಿದ ಮೇಲೆ ‘ಯಾಕೆ ಓಡಲಿಲ್ಲ’ ಎಂದು ಕೇಳಲು ಬಾಯಿ ಬರುವುದಿಲ್ಲ. ಕ್ಯಾಮೆರಾ ಜಾಗ ಬದಲಿಸಿದರೆ ಪ್ರಶ್ನೆಯೇ ಬದಲಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

2015ರ ‘ರೂಮ್’ ಈ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಎಮ್ಮಾ ಡೊನಹ್ಯೂ ತಮ್ಮದೇ ಕಾದಂಬರಿಗೆ ಚಿತ್ರಕಥೆ ಬರೆದರು, ಲೆನ್ನಿ ಅಬ್ರಹಾಂಸನ್ ನಿರ್ದೇಶಿಸಿದರು. ಹಿತ್ತಲಿನ ಶೆಡ್ಡಿನಲ್ಲಿ ಸೆರೆಯಾಗಿರುವ ತಾಯಿ, ಅಲ್ಲೇ ಹುಟ್ಟಿದ ಐದು ವರ್ಷದ ಮಗ. ಇಡೀ ಕಥೆ ಆ ಹುಡುಗನ ಕಣ್ಣಿನದು. ಅವನಿಗೆ ಅದು ಸೆರೆ ಎಂದೇ ಗೊತ್ತಿಲ್ಲ. ಬೆಳಿಗ್ಗೆ ಎದ್ದು ಸಿಂಕಿಗೆ, ಕಪಾಟಿಗೆ, ಗಿಡಕ್ಕೆ ಶುಭೋದಯ ಹೇಳುತ್ತಾನೆ. ತಾಯಿ ಅವನಿಗೆ ವ್ಯಾಯಾಮ ಮಾಡಿಸುತ್ತಾಳೆ, ಕಥೆ ಹೇಳುತ್ತಾಳೆ, ಹುಟ್ಟುಹಬ್ಬಕ್ಕೆ ಕೇಕ್ ಮಾಡುತ್ತಾಳೆ. ಒಂದು ಪುಟ್ಟ ಶೆಡ್ಡಿನೊಳಗೆ ಅವಳು ಇಡೀ ಬಾಲ್ಯವನ್ನೇ ಕಟ್ಟಿಕೊಟ್ಟಿದ್ದಾಳೆ. ಅಪಹರಣಕಾರನ ಮುಖ ನಮಗೆ ಸರಿಯಾಗಿ ನೆನಪೂ ಉಳಿಯುವುದಿಲ್ಲ. ಅವನ ಬಾಲ್ಯ, ಅವನ ನೋವು, ಅವನ ಕಾರಣ ಯಾವುದನ್ನೂ ಸಿನಿಮಾ ಕೇಳುವುದಿಲ್ಲ. ಇದು ಸರಿಯಾದ ತೀರ್ಮಾನ.

ಬೇರೆ ಸಿನಿಮಾದಲ್ಲಾದರೆ ತಪ್ಪಿಸಿಕೊಳ್ಳುವುದು ಕ್ಲೈಮ್ಯಾಕ್ಸ್. ಇಲ್ಲಿ ಅದು ನಡುವೆಯೇ ಬರುತ್ತದೆ. ಉಳಿದರ್ಧ ಹೊರಗಿನ ಬದುಕು. ತಾಯಿಯ ಅಪ್ಪನಿಗೆ ಮೊಮ್ಮಗನ ಮುಖ ನೋಡಲಾಗುವುದಿಲ್ಲ. ಟಿವಿ ಸಂದರ್ಶಕಿ, ಮಗು ಹುಟ್ಟಿದಾಗಲೇ ಅದನ್ನು ಹೊರಗೆ ಕಳಿಸಿ ಸ್ವತಂತ್ರವಾಗಿ ಬೆಳೆಯಲು ಬಿಡಬಹುದಿತ್ತಲ್ಲ ಎಂದು ಕೇಳುತ್ತಾಳೆ. ಸೆರೆಯಲ್ಲಿ ಏಳು ವರ್ಷ ಗಟ್ಟಿಯಾಗಿ ನಿಂತಿದ್ದ ತಾಯಿ, ಆ ಪ್ರಶ್ನೆಯ ಬಳಿಕ ಸಾಯಲು ಪ್ರಯತ್ನಿಸುತ್ತಾಳೆ. ಬ್ರೀ ಲಾರ್ಸನ್ ಈ ಪಾತ್ರಕ್ಕೆ ಆಸ್ಕರ್ ಪಡೆದರು. ಪ್ರಶಸ್ತಿಗಿಂತ ದೊಡ್ಡ ಮಾತು ಎಂದರೆ, ಬಿಡುಗಡೆಯಾದ ಮೇಲೂ ಜನರ ಪ್ರಶ್ನೆಗಳಿಂದ ಸೆರೆ ಮುಂದುವರಿಯುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಸಿನಿಮಾ ಅಪರೂಪ.

ನಮಗೆ ಬೇಕಾದ ಕೊನೆ

ಪ್ರೇಕ್ಷಕರಾದ ನಮ್ಮ ಪಾಲೂ ಇದರಲ್ಲಿದೆ. ಜಾರ್ಜ್ ಸ್ಲೌಜರ್ 1988ರಲ್ಲಿ ಮಾಡಿದ ಡಚ್ ಸಿನಿಮಾ ‘ದ ವ್ಯಾನಿಶಿಂಗ್’ನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕಾಣೆಯಾದ ಗೆಳತಿಗೆ ಏನಾಯಿತು ಎಂದು ತಿಳಿಯದೆ ನಾಯಕನಿಗೆ ನೆಮ್ಮದಿ ಇಲ್ಲ. ಅಪಹರಣಕಾರ ಹೆಂಡತಿ-ಮಕ್ಕಳಿರುವ ಮರ್ಯಾದಸ್ಥ ಮೇಷ್ಟ್ರು. ಏನಾಯಿತು ಎಂದು ತಿಳಿಯಬೇಕಾದರೆ ನೀನೂ ಅದನ್ನೇ ಅನುಭವಿಸಬೇಕು ಎನ್ನುತ್ತಾನೆ. ನಾಯಕ ಒಪ್ಪುತ್ತಾನೆ, ಜೀವಂತ ಹೂತುಹೋಗುತ್ತಾನೆ. 1993ರಲ್ಲಿ ಅದೇ ನಿರ್ದೇಶಕರು ಹಾಲಿವುಡ್‌ಗಾಗಿ ಅದನ್ನೇ ಮತ್ತೆ ಮಾಡಿದರು. ಈ ಸಲ ನಾಯಕ ಬದುಕುತ್ತಾನೆ, ದುಷ್ಟ ಸಾಯುತ್ತಾನೆ. ಹಾಗೆ ಮುಗಿದಾಗ ನಮಗೆ ಸಮಾಧಾನ. ಆದರೆ ಹುಡುಕುತ್ತಲೇ ಇರುವ ಮನೆಯವರ ನೋವು ಏನೆಂದು ಮೊದಲನೆಯದು ಹೇಳಿತ್ತು, ಎರಡನೆಯದು ಹೇಳಲಿಲ್ಲ.

ಒಂದು ಸಿನಿಮಾ ಮಾತ್ರ ಈ ಮೂವರ ಲೆಕ್ಕವನ್ನೂ ಮೀರಿತು. ಅಕಿರಾ ಕುರೊಸಾವಾ ಅವರ ‘ಹೈ ಆ್ಯಂಡ್ ಲೋ’ (1963). ಶೂ ಕಂಪನಿಯ ಶ್ರೀಮಂತನ ಮಗ ಎಂದುಕೊಂಡು ಅವನ ಡ್ರೈವರನ ಮಗನನ್ನು ಅಪಹರಿಸುತ್ತಾರೆ. ತನ್ನ ಮಗನಲ್ಲದ ಮಗುವಿಗೆ ಆಸ್ತಿಯೆಲ್ಲ ಕೊಡಬೇಕೆ? ಅಪರಾಧಿ ಕೊಳೆಗೇರಿಯಲ್ಲಿ ಬೇಯುತ್ತ, ಗುಡ್ಡದ ಮೇಲಿನ ಆ ತಂಪು ಮನೆಯನ್ನು ದಿನಾ ನೋಡುತ್ತಿದ್ದವನು. ಅಪಹರಣ ಎಂಥ ಸಮಾಜದಲ್ಲಿ ಹುಟ್ಟುತ್ತದೆ ಎಂದು ಕುರೊಸಾವಾ ಕೇಳಿದರು, ಆದರೆ ಅಪರಾಧಕ್ಕೆ ರಿಯಾಯಿತಿ ಕೊಡಲಿಲ್ಲ. ಜಪಾನಿನಲ್ಲಿ ಅಪಹರಣಕ್ಕಿದ್ದ ಹಗುರ ಶಿಕ್ಷೆಯ ಬಗ್ಗೆ ಅವರಿಗೆ ಸಿಟ್ಟಿತ್ತು. ಸಿನಿಮಾ ಬಂದ ತಿಂಗಳಲ್ಲೇ ಟೋಕಿಯೊದಲ್ಲಿ ನಾಲ್ಕು ವರ್ಷದ ಮಗುವೊಂದನ್ನು ಹಣಕ್ಕಾಗಿ ಅಪಹರಿಸಿ ಕೊಂದ ಪ್ರಕರಣ ದೇಶವನ್ನೇ ಅಲ್ಲಾಡಿಸಿತು. 1964ರಲ್ಲಿ ಹಣಕ್ಕಾಗಿ ಮಾಡುವ ಅಪಹರಣಕ್ಕೆ ಜಪಾನ್ ತನ್ನ ದಂಡಸಂಹಿತೆಯಲ್ಲಿ ಪ್ರತ್ಯೇಕ ಕಲಂ ಸೇರಿಸಿತು.

ಅಪಹರಣಕಾರ ಸರ್ಕಾರವೇ ಆಗಿರಬಹುದು ಎಂಬುದನ್ನೂ ಸಿನಿಮಾ ನಿಧಾನವಾಗಿ ಹೇಳತೊಡಗಿದೆ. ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡ ಆಸ್ಟ್ರೇಲಿಯಾದ ಕಥೆ ‘ರ‍್ಯಾಬಿಟ್-ಪ್ರೂಫ್ ಫೆನ್ಸ್’ (2002). ರಹಸ್ಯವಾಗಿ ದೀಕ್ಷಾಸ್ನಾನವಾಗಿದೆ ಎಂಬ ನೆಪದಲ್ಲಿ 1858ರಲ್ಲಿ ಯಹೂದಿ ಬಾಲಕನನ್ನು ಪೋಪ್ ಆಡಳಿತ ಹೊತ್ತೊಯ್ದದ್ದರ ಬಗ್ಗೆ ಮಾರ್ಕೊ ಬೆಲ್ಲೊಕ್ಯೊ 2023ರಲ್ಲಿ ಸಿನಿಮಾ ಮಾಡಿದರು.

2025 ಈ ಬಗೆಯ ಕಥೆಗಳಿಗೆ ದೊಡ್ಡ ವರ್ಷ. ಸ್ಪೈಕ್ ಲೀ ಕುರೊಸಾವಾ ಕಥೆಯನ್ನು ನ್ಯೂಯಾರ್ಕ್‌ಗೆ ತಂದರು. ಯೋರ್ಗೊಸ್ ಲ್ಯಾಂತಿಮೊಸ್ ಅವರ ‘ಬುಗೊನಿಯಾ’ದಲ್ಲಿ ಪಿತೂರಿಯ ಕಥೆಗಳನ್ನು ನಂಬಿದ ಯುವಕರು ಕಂಪನಿಯ ಮುಖ್ಯಸ್ಥೆಯನ್ನು ಕೂಡಿಹಾಕುತ್ತಾರೆ. ಇವುಗಳಲ್ಲಿ ನನಗೆ ದೊಡ್ಡದು ಎನಿಸುವುದು, ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದ ಇರಾನಿನ ಜಾಫರ್ ಪನಾಹಿ ಅವರ ‘ಇಟ್ ವಾಸ್ ಜಸ್ಟ್ ಆ್ಯನ್ ಆ್ಯಕ್ಸಿಡೆಂಟ್’. ಒಂದು ಕಾಲದ ರಾಜಕೀಯ ಕೈದಿಯೊಬ್ಬ, ಜೈಲಿನಲ್ಲಿ ತನ್ನನ್ನು ಹಿಂಸಿಸಿದವನು ಇವನೇ ಎಂದು ಕೃತಕ ಕಾಲಿನ ಸದ್ದಿನಿಂದ ಗುರುತಿಸಿ ಅಪಹರಿಸುತ್ತಾನೆ. ಆಗ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿದ್ದರು. ಇವನೇ ಅವನಾ ಎಂದು ಖಚಿತ ಮಾಡಲು ಸದ್ದು, ವಾಸನೆ, ಸ್ಪರ್ಶ ಮಾತ್ರ ಇದೆ. ಸ್ವತಃ ಜೈಲು ಕಂಡು ಬಂದ ನಿರ್ದೇಶಕನಿಗಷ್ಟೇ ಈ ವಿವರ ಹೊಳೆಯಬಲ್ಲದು. ಸೆರೆಯಲ್ಲಿದ್ದವರಿಗೆ ಗೊತ್ತಿರುವುದು ಹೊರಗಿನವರಿಗೆ ಗೊತ್ತಿರುವುದಿಲ್ಲ.

ಹಾಗಾದರೆ ಅವರನ್ನೇ ಕೇಳಬಹುದಲ್ಲ? ಅಮೆರಿಕದ ಎಲಿಜಬೆತ್ ಸ್ಮಾರ್ಟ್ ಅವರನ್ನು 14ನೇ ವಯಸ್ಸಿನಲ್ಲಿ, 2002ರ ಜೂನ್‌ನಲ್ಲಿ ಮನೆಯಿಂದಲೇ ಅಪಹರಿಸಿದ್ದರು. 2003ರ ಮಾರ್ಚ್‌ನಲ್ಲಿ ಸಿಕ್ಕರು. ಅದೇ ವರ್ಷ ನವೆಂಬರ್‌ನಲ್ಲಿ ಟಿವಿಯಲ್ಲಿ ಅವರ ಬಗ್ಗೆ ಸಿನಿಮಾ ಬಂತು. ಆಗಿನ್ನೂ ಅವರು ಶಾಲೆಯ ಹುಡುಗಿ. 2017ರಲ್ಲಿ ಮತ್ತೊಂದು ಟಿವಿ ಸಿನಿಮಾ ಬಂತು. ಅದರ ನಿರ್ಮಾಣದಲ್ಲಿ ಅವರೇ ಇದ್ದರು. ಕಥೆಯ ನಡುನಡುವೆ ಅವರೇ ಪರದೆಯ ಮೇಲೆ ಬಂದು, ಆ ಗಳಿಗೆಯಲ್ಲಿ ಏನನ್ನಿಸಿತು, ಯಾಕೆ ಕೂಗಲಿಲ್ಲ ಎಂದು ವಿವರಿಸುತ್ತಾರೆ. ಕಲೆಯ ದೃಷ್ಟಿಯಿಂದ ಅದು ‘ರೂಮ್’ನ ಎತ್ತರಕ್ಕೆ ಬರುವುದಿಲ್ಲ. ಆದರೆ ನಿಜ ಘಟನೆಗಳ ಮೇಲೆ ಸಿನಿಮಾ, ಸರಣಿ ಮಾಡುವ ಈಗಿನ ಓಟದಲ್ಲಿ ಹಕ್ಕು ಕೇಳಿ ಮೊದಲು ಫೋನ್ ಮಾಡಬೇಕಾದದ್ದು ಪೊಲೀಸ್ ಅಧಿಕಾರಿಗೋ ವಕೀಲರಿಗೋ ಅಲ್ಲ, ಬದುಕಿ ಬಂದವರಿಗೆ. ಅವರು ಬೇಡ ಎಂದರೆ ಆ ಕಥೆಯನ್ನು ಅಲ್ಲಿಗೇ ಬಿಡಬೇಕು.